ಕೊಳೆರೋಗಕ್ಕೆ ಮದ್ದು ಹೇಳುವ ನನ್ನ ಗೆಳತಿ

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮೇಷ್ಟ್ರು ಕೇಳಿದಾಗ ನನಗೆ ನೆನಪಾದದ್ದು ಅವಳೇ. ಎಂಟನೇ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂತವಳು ಇವತ್ತಿಗೂ ನನ್ನ ಪಕ್ಕ ಬಿಟ್ಟಿಲ್ಲ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ. ತೀರ್ಥಹಳ್ಳಿ ಸೀಮೆಯ ತೋಟದವರಿಗೆ ಹೆಸರು ಬೇಕಾಗಿಯೂ ಇಲ್ಲ.

ಒಂದು ಮಳೆಗಾಲ ಅವಳ ಮನೆಯ ಅಡಿಕೆ ತೋಟಕ್ಕೆ ಕೊಳೆರೋಗ ಬಂತು. ಬಿಳಿ ಬೂಜು ಹಿಡಿದು ಉದುರಿದ ಎಳೆ ಅಡಿಕೆಯನ್ನು ಕಾಗದದಲ್ಲಿ ಸುತ್ತಿ ತಂದು ವಿಜ್ಞಾನದ ಮೇಷ್ಟ್ರ ಮೇಜಿನ ಮೇಲಿಟ್ಟಳು. "ಇದು ಯಾಕೆ ಬರುತ್ತೆ ಸಾರ್?" ಪಾಠ ಅಲ್ಲಿಗೇ ನಿಂತಿತು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಕೋಲ್ಮನ್ ಮಲೆನಾಡಿನ ಈ ರೋಗದ ಬೆನ್ನು ಹತ್ತಿದ್ದು, ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಹೊಡೆದರೆ ಹತೋಟಿಗೆ ಬರುತ್ತದೆಂದು ತೋರಿಸಿಕೊಟ್ಟದ್ದು, ಎಲ್ಲ ಅವತ್ತು ಕೇಳಿದೆವು. ನಾವು ಕೇಳಿ ಮರೆತೆವು. ಅವಳು ಮರೆಯಲಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಓದಿದಳು, ಗಿಡಗಳ ರೋಗದ ಮೇಲೇ ಪಿಎಚ್‌ಡಿ ಮಾಡಿದಳು. ಕೆಲಸ ಸಿಕ್ಕ ಮೇಲೆ ಊರೂರು ತೋಟ ಸುತ್ತುವುದೇ ಅವಳ ಬದುಕಾಯಿತು.

ಅವಳು ಬೋರ್ಡೋ ಮಾಡಿ ತೋರಿಸುವುದನ್ನು ನೋಡಬೇಕು. 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕಲಕುತ್ತಾಳೆ. ಒಮ್ಮೆ, ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ವಯಸ್ಸಾದ ಕೊನೆಗೌಡರೊಬ್ಬರು, "ನೀಲಿ ಬಂತಲ್ಲಮ್ಮ, ಸಾಕು ಬಿಡಿ" ಅಂದರು. ಇವಳು ವಾದಕ್ಕೆ ಇಳಿಯಲಿಲ್ಲ. ಚಾಕು ಅವರ ಕೈಗೇ ಕೊಟ್ಟು, "ನೀವೇ ಅದ್ದಿ ನೋಡಿ ಗೌಡ್ರೇ" ಅಂದಳು. ಎತ್ತಿದರೆ ಅಲಗಿನ ಮೇಲೆ ತೆಳ್ಳಗೆ ತಾಮ್ರದ ಕೆಂಪು. ಹಾಗೆ ಬಂದರೆ ಸುಣ್ಣ ಸಾಲದು ಎಂದರ್ಥ. ಗೌಡರೇ ಸುಣ್ಣದ ನೀರು ಸೇರಿಸಿ, ಚಾಕು ಒರೆಸಿ ಮತ್ತೆ ಅದ್ದಿದರು. ಕೆಂಪು ಬರಲಿಲ್ಲ. ಆಮೇಲೆ ಅಲ್ಲಿದ್ದ ಹುಡುಗರಿಗೆಲ್ಲ ಹೇಳಿಕೊಟ್ಟವರು ಅವರೇ. ಇವಳ ಗುಣವೇ ಅದು. ಎಷ್ಟು ಓದಿದ್ದರೂ ಎದುರಿನವರನ್ನು ಯಾವತ್ತೂ ಸಣ್ಣವರನ್ನಾಗಿ ಮಾಡಿದವಳಲ್ಲ.

ಮದುವೆಯ ಮಾತಿಗೆ ಬರುತ್ತೇನೆ. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಗೆ ಹಾಕಿಕೊಟ್ಟ ಮಂತ್ರ ಮಾಂಗಲ್ಯದ ದಾರಿಯಲ್ಲೇ ಇವರೂ ಆದರು. ಅವಳ ಮನೆಯಂಗಳದಲ್ಲಿ, ಅಡಿಕೆ ದಬ್ಬೆಯ ಚಪ್ಪರದ ಕೆಳಗೆ. ವರದಕ್ಷಿಣೆ ಇಲ್ಲ, ವಾಲಗ ಇಲ್ಲ. ಗಂಡು ಹೆಣ್ಣು ಸರಿಸಮ ಎಂಬ ಪ್ರತಿಜ್ಞೆಯನ್ನು ಇಬ್ಬರೂ ಗಟ್ಟಿಯಾಗಿ ಓದಿದರು. ಓದುವುದು ಸುಲಭ ಅಲ್ವಾ? ಅವಳ ಗಂಡ, ನನ್ನ ಬಾಯಲ್ಲಿ ಭಾವ, ಅದನ್ನು ನಡೆಸಿ ತೋರಿಸಿದರು. ಅವಳು ಪಿಎಚ್‌ಡಿ ಮುಗಿಸುವಾಗ ಮಗಳು ಇನ್ನೂ ಚಿಕ್ಕವಳು. ಹೈಸ್ಕೂಲು ಮೇಷ್ಟ್ರಾಗಿದ್ದ ಭಾವ ಸಂಬಳವಿಲ್ಲದ ರಜೆ ಹಾಕಿ ಮಗು ನೋಡಿಕೊಂಡರು. ಊರವರು ಆಡಿಕೊಂಡರು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಗಾಲದಲ್ಲೇ ಅವಳಿಗೆ ಕೆಲಸ ಜಾಸ್ತಿ, ಹಾಗಾಗಿ ಆ ತಿಂಗಳುಗಳಲ್ಲಿ ಒಲೆ ಭಾವನದು. ಅತ್ತೆಯಿಂದ ಕಲಿತ ಪತ್ರೊಡೆಯನ್ನು ಈಗ ಅತ್ತೆಗಿಂತ ಚೆನ್ನಾಗಿ ಮಾಡುತ್ತಾರೆ. ಒದ್ದೆಯಾಗಿ, ಮೈಕೈ ನೀಲಿ ಮಾಡಿಕೊಂಡು ಬಂದವಳಿಗೆ ಬಿಸಿನೀರು ಕಾದಿರುತ್ತದೆ. ನಾನು ಕಂಡ ಸಂಸಾರಗಳಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ನನ್ನವರು ತೀರಿಕೊಂಡದ್ದೂ ಮಳೆಗಾಲದಲ್ಲೇ. ಮೊದಲ ಔಷಧಿ ಅವರೇ ಹೊಡೆಸಿ ಹೋಗಿದ್ದರು. ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು ಆಗಬೇಕು, ನನಗೆ ಅದರ ಕಡೆ ಗಮನವೇ ಇರಲಿಲ್ಲ. ಒಂದು ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಕೊನೆಗೌಡರನ್ನೂ ಸುಣ್ಣ, ಮೈಲುತುತ್ತವನ್ನೂ ಜೀಪಿನಲ್ಲಿ ಹಾಕಿಕೊಂಡು ಗಂಡ ಹೆಂಡತಿ ಇಬ್ಬರೂ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಸಂಜೆಯೊಳಗೆ ಇಡೀ ತೋಟಕ್ಕೆ ಔಷಧಿ ಆಗಿತ್ತು. ಆ ವರ್ಷದ ಫಸಲು ಉಳಿದದ್ದು ಅವರಿಂದ. ನಾನು ಉಳಿದದ್ದೂ ಅವರಿಂದಲೇ.

ಈಗ ಅವಳಿಗೆ ನಿವೃತ್ತಿಯಾಗಿದೆ. ನಮ್ಮ ಶಾಲೆಯ ಮಕ್ಕಳಿಗೆ ಬೋರ್ಡೋ ಮಾಡುವುದನ್ನು ಹೇಳಿಕೊಡುವ ಆಸೆ ಅವಳಿಗೆ. ಮಳೆ ಹಿಡಿಯುವ ಮೊದಲು ಒಂದು ಶನಿವಾರ ಗೊತ್ತು ಮಾಡಿ ಎಂದು ಹೆಡ್‌ಮಾಸ್ಟರಲ್ಲಿ ಕೇಳಿಕೊಳ್ಳುತ್ತೇನೆ. ಭಾವನೂ ಬರುತ್ತಾರೆ, ಚಾಕು ನಾನು ತರುತ್ತೇನೆ.