ಮೂರು ನಿಮಿಷದ ತಟ್ಟೆಗಳ ಬೆನ್ನು ಹತ್ತಿ

ಅಮೆರಿಕದ ಕಪ್ಪುಜನರ ನಡುವೆ ಬೆಳೆದ ಆರಂಭಕಾಲದ ರಿದಮ್ ಅಂಡ್ ಬ್ಲೂಸ್ ಸಂಗೀತವನ್ನು ಕೇಳಲು ಹೊರಟಾಗ ನಾನು ಮೊದಲು ಕೊಂಡದ್ದು ನೂರು ಹಾಡುಗಳ ಒಂದು ಅಗ್ಗದ ಸಿಡಿ ಸಂಪುಟ. ಗಾಯಕರ ಹೆಸರುಗಳೆಲ್ಲ ಸರಿಯಾಗಿಯೇ ಇದ್ದವು; ಆದರೆ 1950ರ ಸುಮಾರಿನ ಹಾಡಿನಲ್ಲಿ ಡ್ರಮ್ ಒಂದು ಕಿವಿಗೆ, ಸ್ಯಾಕ್ಸೋಫೋನ್ ಇನ್ನೊಂದು ಕಿವಿಗೆ ಕೇಳಿಸತೊಡಗಿದಾಗ ಅನುಮಾನ ಬಂತು; ಆ ಕಾಲದ ತಟ್ಟೆಗಳಲ್ಲಿ ಎಲ್ಲ ವಾದ್ಯಗಳೂ ಎರಡೂ ಕಿವಿಗೆ ಒಂದೇ ಸಮ ಕೇಳಿಸುತ್ತಿದ್ದವು. ಅದೇ ಗಾಯಕರು ಎಷ್ಟೋ ವರ್ಷಗಳ ನಂತರ, ದನಿ ದಣಿದ ಮೇಲೆ, ಮತ್ತೆ ಹಾಡಿಕೊಟ್ಟ ಧ್ವನಿಮುದ್ರಣಗಳು ಅವು. ಮೂಲ ಯಾವುದು, ಮತ್ತೆ ಹಾಡಿದ್ದು ಯಾವುದು ಎಂಬುದನ್ನು ಆ ಸಂಪುಟದಲ್ಲಿ ಎಲ್ಲಿಯೂ ನಮೂದಿಸಿರಲಿಲ್ಲ.

ಇಂಥ ಸಂಪುಟಗಳು ಇಷ್ಟೊಂದು ಹುಟ್ಟಿಕೊಳ್ಳಲು ಕಾನೂನೂ ಒಂದು ಕಾರಣ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಬಹುಕಾಲ 50 ವರ್ಷಗಳಿಗೆ ಸೀಮಿತವಾಗಿತ್ತು. 2013ರಲ್ಲಿ ಅದನ್ನು 70ಕ್ಕೆ ಏರಿಸಿದರೂ ಅಷ್ಟರೊಳಗೆ ಮುಗಿದುಹೋಗಿದ್ದ ಹಕ್ಕುಗಳು ಮರಳಿ ಬರಲಿಲ್ಲವಾದ್ದರಿಂದ, 1962ರವರೆಗೆ ಬಿಡುಗಡೆಯಾದದ್ದನ್ನು ಅಲ್ಲಿ ಯಾರು ಬೇಕಾದರೂ ಪ್ರಕಟಿಸಬಹುದಾಯಿತು. ಹಾಗೆಂದು ಅಗ್ಗವಾದದ್ದೆಲ್ಲ ಕಳಪೆಯಲ್ಲ. ಪ್ರಾಪರ್ ಸಂಸ್ಥೆಯ ನಾಲ್ಕು ಸಿಡಿಗಳ ಪೆಟ್ಟಿಗೆಗಳು ಅಗ್ಗವಾಗಿದ್ದರೂ ಅವುಗಳ ಜೊತೆ ಓದಿಸಿಕೊಳ್ಳುವ ಪುಸ್ತಿಕೆಯಿರುತ್ತಿತ್ತು.

ಹೆಚ್ಚಿನವರು ಮೊದಲು ಸೂಚಿಸುವುದು ಅಮೆರಿಕದ ಅಟ್ಲಾಂಟಿಕ್ ರೆಕಾರ್ಡ್ ಕಂಪನಿ 1985ರಲ್ಲಿ ಹೊರತಂದ, 1947ರಿಂದ 1974ರವರೆಗಿನ ಹಾಡುಗಳ ಸಂಕಲನವನ್ನು. ಗಾಯಕರಾದ ರೂತ್ ಬ್ರೌನ್, ಬಿಗ್ ಜೋ ಟರ್ನರ್ ಅವರನ್ನು ಕೇಳಲು ಅದು ಸೊಗಸಾದ ದಾರಿ. ಆದರೆ ಅದು ಒಂದೇ ಮನೆಯ ಕಥೆ. ಸಿನ್ಸಿನಾಟಿಯ ಕಿಂಗ್, ಲಾಸ್ ಏಂಜಲೀಸಿನ ಸ್ಪೆಷಾಲ್ಟಿ, ಅಲಾದಿನ್, ಮಾಡರ್ನ್ ಕಂಪನಿಗಳಿಲ್ಲದೆ ಈ ಸಂಗೀತದ ಚಿತ್ರ ಅರ್ಧವೂ ಮೂಡುವುದಿಲ್ಲ. ನನ್ನ ಆಯ್ಕೆಯೇನಿದ್ದರೂ ಜರ್ಮನಿಯ ಬೇರ್ ಫ್ಯಾಮಿಲಿ ಸಂಸ್ಥೆಯ 'ಬ್ಲೋಯಿಂಗ್ ದ ಫ್ಯೂಸ್' ಸರಣಿ: 1945ರಿಂದ 1960ರವರೆಗೆ ವರ್ಷಕ್ಕೊಂದು ಸಿಡಿ, ಹಲವು ಕಂಪನಿಗಳ ಹಾಡುಗಳು ಅಕ್ಕಪಕ್ಕದಲ್ಲಿ. ಬಿಲ್‌ಬೋರ್ಡ್ ಪತ್ರಿಕೆ ಕಪ್ಪುಜನರ ಸಂಗೀತದ ತನ್ನ 'ರೇಸ್ ರೆಕಾರ್ಡ್ಸ್' ಪಟ್ಟಿಗೆ ರಿದಮ್ ಅಂಡ್ ಬ್ಲೂಸ್ ಎಂದು ಹೆಸರಿಟ್ಟದ್ದು 1949ರ ಜೂನ್‌ನಲ್ಲಿ. ಹೆಸರಿಗಿಂತ ಮುಂಚೆಯೇ ಸಂಗೀತ ಬೆಳೆದು ನಿಂತಿತ್ತೆಂಬುದು ಈ ಸರಣಿಯ ಮೊದಲ ಸಿಡಿಗಳಲ್ಲೇ ಕಿವಿಗೆ ತಿಳಿಯುತ್ತದೆ. ಬೆಲೆ ಮಾತ್ರ ಹಗುರವಲ್ಲ, ನಾನು ಒಂದೊಂದಾಗಿಯೇ ಕೊಂಡೆ.

ಕೊಳ್ಳುವ ಮುನ್ನ ನಾನು ನೋಡುವುದು ಧ್ವನಿಮುದ್ರಣದ ದಿನಾಂಕವನ್ನು. ಅಮೆರಿಕದ ಸಂಗೀತಗಾರರ ಸಂಘ 1948ರ ಜನವರಿ 1ರಿಂದ ಧ್ವನಿಮುದ್ರಣವನ್ನೇ ನಿಷೇಧಿಸಲಿದ್ದುದರಿಂದ ಕಂಪನಿಗಳು 1947ರ ಕೊನೆಯ ವಾರಗಳಲ್ಲಿ ಹಗಲಿರುಳೆನ್ನದೆ ಹಾಡಿಸಿ ಕೂಡಿಟ್ಟುಕೊಂಡವು. ಗಾಯಕ ವೈನೋನಿ ಹ್ಯಾರಿಸ್ ಅವರ 'ಗುಡ್ ರಾಕಿಂಗ್ ಟುನೈಟ್' ಮುದ್ರಣವಾದದ್ದು ಆ ಡಿಸೆಂಬರಿನಲ್ಲಿ, ಜನಪ್ರಿಯವಾದದ್ದು 1948ರಲ್ಲಿ. ಈ ಎರಡೂ ವರ್ಷಗಳನ್ನು ಬೇರೆಬೇರೆಯಾಗಿ ಅಚ್ಚು ಹಾಕಿರುವ ಪುಸ್ತಿಕೆ ಸಿಕ್ಕರೆ, ಒಳಗಿನ ತಟ್ಟೆಗಳನ್ನು ಕೇಳುವ ಮೊದಲೇ ನಾನು ಆ ಸಂಕಲನಕಾರರನ್ನು ಅರ್ಧ ನಂಬಿರುತ್ತೇನೆ.