ಚೌಕಾಸಿ ಪ್ರಯೋಗ: ಕೊಸರನ್ನು ತೂಗಿದ ಮೇಲೆ

ಹೊತ್ತು ಹೋದಂತೆ ಹೂವಿನ ಬೆಲೆ ಚೌಕಾಸಿಗೆ ಇಳಿಯುತ್ತದೆಯೇ ಅಂತ ನೋಡುತ್ತಿದ್ದೆ, ಕೊನೆಗೂ ಗಂಟು ಬಿಚ್ಚಿತು! ಅರ್ಥಶಾಸ್ತ್ರಜ್ಞ ಏರಿಯಲ್ ರೂಬಿನ್‌ಸ್ಟೈನ್ ಅವರ 1982ರ ಚೌಕಾಸಿ ಮಾದರಿ ಹೇಳುವುದು ಇಷ್ಟೇ: ಕಾಯಲು ಆಗದವರಿಗೆ ಪಾಲು ಕಡಿಮೆ. ಒಂದು ಸುತ್ತು ತಡವಾದರೆ ಕೊಳ್ಳುವವರಿಗೆ ವ್ಯಾಪಾರದ ಲಾಭದಲ್ಲಿ 0.9 ಪಾಲು ಉಳಿಯುತ್ತದೆ, ಮಾರುವವರಿಗೆ 0.5 ಮಾತ್ರ ಅಂತಿಟ್ಟುಕೊಳ್ಳಿ. ಆಗ ಮೊದಲ ಬೆಲೆ ಮಾರುವವರೇ ಹೇಳಿದರೂ ಹಂಚಿಕೆಯಲ್ಲಿ ಅವರಿಗೆ ಸಿಗುವುದು ಸುಮಾರು ಶೇ. 18. ಇದನ್ನು ನೋಡಲು ಬಾಡುವ ಹೂವೇ ಸರಿ, ಅಲ್ವಾ? ರಾತ್ರಿಯಾದಂತೆ ಮಾರುವವರು ಕಾಯಲಾರರು, ಬೆಲೆ ಇಳಿಯಬೇಕು.

ಆದರೆ ಗಾಂಧಿ ಬಜಾರಿನ ಹೂವಿನ ಅಂಗಡಿಯ ಲೆಕ್ಕ ಜಗ್ಗಲೇ ಇಲ್ಲ. ಬೆಳಿಗ್ಗೆ ಕಾಲು ಕೆಜಿ ಸೇವಂತಿಗೆ 40 ರೂಪಾಯಿ. ರಾತ್ರಿ ಅಂಗಡಿ ಎತ್ತುವ ಹೊತ್ತಿಗೂ 40. ಎಷ್ಟು ಎಳೆದಾಡಿದರೂ ಒಂದೇ ಉತ್ತರ: "ಅಸಲೇ ಹುಟ್ಟಲ್ಲ ಅಣ್ಣಾ." ಹೊರಟು ನಿಂತರೂ ಕರೆಯಲಿಲ್ಲ. ನಾನು ಬೆಲೆ ಬರೆದಿಡುವ ಪುಸ್ತಕದ ತುಂಬಾ ಅದೇ ಅಂಕಿ.

ಗುಟ್ಟು ಇದ್ದದ್ದು ತಕ್ಕಡಿ ಸಮವಾದ ಮೇಲೆ. ಹೂವಮ್ಮ ಮಾತೇ ಆಡದೆ ಇನ್ನೊಂದು ಹಿಡಿ ಹಾಕುತ್ತಾರೆ. ಬೆಳಿಗ್ಗೆ ಆ ಕೊಸರು ನಾಲ್ಕು ಹೂ, ರಾತ್ರಿ ಬೊಗಸೆ ತುಂಬಾ. ರಾತ್ರಿಯ ಹೂವನ್ನು ಮನೆಗೆ ತಂದು ತೂಗಿದರೆ 330 ಗ್ರಾಂ! ಅಂದರೆ ಕೆಜಿಗೆ 160 ಇದ್ದದ್ದು 121ಕ್ಕೆ ಇಳಿದಿದೆ. ಬೆಲೆ ಇಳಿದೇ ಇತ್ತು, ಬಾಯಲ್ಲಿ ಮಾತ್ರ ಇಳಿದಿರಲಿಲ್ಲ.

ತೂಕದ ಯಂತ್ರ ಮಾರಿದವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಖಾಲಿ ತಟ್ಟೆಗೇ ಏಳು ಗ್ರಾಂ ತೋರಿಸುತ್ತದೆ. ಕೇಳಿದರೆ ಬ್ಯಾಟರಿ ಬದಲಿಸಿ ಅಂತಾರೆ. ಈಗ ಪ್ರತಿ ಸಲ 100 ಗ್ರಾಂ ಕಲ್ಲಿಟ್ಟು ಸರಿನೋಡಿಯೇ ತೂಗುತ್ತೇನೆ. ಮೊಳದ ಮಲ್ಲಿಗೆಗಂತೂ ಟೇಪೇ ಗತಿ, ಒಬ್ಬೊಬ್ಬರ ಕೈ ಒಂದೊಂದು ಉದ್ದ.

ಹೂವಮ್ಮನ ಜಾಣತನ ನನಗೆ ತುಂಬಾ ಹಿಡಿಸಿತು. ನನಗೆ 30ಕ್ಕೆ ಕೊಟ್ಟರೆ ಪಕ್ಕದಲ್ಲಿ ನಿಂತವರೂ 30 ಅಂತಾರೆ, ನಾಳೆ ನಾನೂ ಅದನ್ನೇ ಕೇಳುತ್ತೇನೆ. ಕೊಸರು ಯಾರ ಕಿವಿಗೂ ಬೀಳುವುದಿಲ್ಲ. ತನ್ನ ಕೈ ತಾನೇ ಕಟ್ಟಿಕೊಂಡರೆ ಚೌಕಾಸಿಯಲ್ಲಿ ಬಲ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1960ರಲ್ಲಿ ಬರೆದದ್ದು ಇದನ್ನೇ. ಹೂವಮ್ಮ ಬೆಲೆಯನ್ನು ಕಟ್ಟಿಹಾಕಿ, ತೂಕವನ್ನು ಸಡಿಲ ಬಿಟ್ಟಿದ್ದಾರೆ.

ಹಾಗಾದರೆ ಬೆಲೆ ಕಿವಿಗೇ ಬೀಳದ ಕಡೆ? ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದೇ ವ್ಯಾಪಾರ ಕುದುರುತ್ತದೆ. ಅಲ್ಲಿ ಬೆಲೆಯೇ ಸಡಿಲವಾಗಬೇಕು ಅನ್ನುವುದು ನನ್ನ ಊಹೆ. ಪರಿಚಯದ ದಲ್ಲಾಳಿ ಒಬ್ಬರು ಬೆರಳಿನ ಲೆಕ್ಕ ಹೇಳಿಕೊಡಲು ಒಪ್ಪಿದ್ದಾರೆ. ಅದಕ್ಕೂ ಮೊದಲು ಬಾಡದ ಸರಕು ನೋಡಬೇಕು: ಬಾಚಣಿಗೆ, ಹೇರ್‌ಪಿನ್. ಅಲ್ಲೂ ರಾತ್ರಿ ಕೊಸರು ಬೆಳೆದರೆ ಕಾರಣ ಹೂ ಬಾಡುವುದಲ್ಲ, ನನ್ನ ವಿವರಣೆ ಬಿದ್ದುಹೋಗುತ್ತದೆ.