ಕ್ಯಾಪ್ಟನ್ ಕೇಳಲಿ, ರೆಫ್ರಿ ಹೇಳಲಿ

ಅಡಿಕೆ ಕೊಯ್ಲು ಮುಗಿದಲ್ಲಿಂದ ಮಳೆ ಹಿಡಿಯುವವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಎಲ್ಲಾದರೂ ಒಂದು ಹೊನಲು ಬೆಳಕಿನ ಕಬಡ್ಡಿಯೋ ವಾಲಿಬಾಲೋ ಇದ್ದೇ ಇರುತ್ತದೆ. ಅಲ್ಲಿ ಪಂದ್ಯ ನಿಲ್ಲುವುದು ಕರೆಂಟ್ ಹೋಗಿದ್ದಕ್ಕಿಂತ ಹೆಚ್ಚಾಗಿ ರೆಫ್ರಿಯನ್ನು ಇಡೀ ತಂಡ ಮುತ್ತಿಕೊಂಡಿದ್ದಕ್ಕೆ. ಸಂಘಟಕರು ಇದಕ್ಕೆ ಕಂಡುಕೊಂಡ ಮದ್ದು ಕರಪತ್ರದ ಕೊನೆಯ ಸಾಲು: ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಸಾಲು ಸರಿ, ಆದರೆ ಅರ್ಧ. ಯಾರು, ಯಾವಾಗ, ಏನು ಕೇಳಬಹುದು ಅನ್ನುವುದನ್ನೂ ಅಲ್ಲೇ ಬರೆಯಬೇಕು. ಕೇಳಲು ದಾರಿ ಇಲ್ಲದ ಕಡೆ ಕೂಗಾಟವೇ ದಾರಿಯಾಗುತ್ತದೆ.

ಆಟದ ನಿಯಮಗಳು ಆಟಗಾರರ ಬಾಯಿ ಮುಚ್ಚಿಸುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕ್ರಿಕೆಟ್ಟನ್ನೇ ನೋಡಿ: ಅಪೀಲ್ ಮಾಡದೆ ಅಂಪೈರ್ ಔಟ್ ಕೊಡುವಂತೆಯೇ ಇಲ್ಲ. ಕೇಳುವುದು ಅಲ್ಲಿ ಆಟದ ಭಾಗ. ಕೊಟ್ಟ ತೀರ್ಪಿನ ಮೇಲೆ ಮುಖ ಸಿಂಡರಿಸುವುದು ತಪ್ಪು.

ಈ ವಿಷಯದಲ್ಲಿ ತೀರಾ ಸ್ಪಷ್ಟವಾಗಿರುವುದು ವಾಲಿಬಾಲ್. ಚೆಂಡು ಆಟದಲ್ಲಿ ಇಲ್ಲದಾಗ ಅಂಕಣದೊಳಗಿನ ಕ್ಯಾಪ್ಟನ್ ರೆಫ್ರಿ ಜೊತೆ ಮಾತಾಡಬಹುದು. ನಿಯಮವನ್ನು ಹೇಗೆ ಅನ್ವಯಿಸಿದಿರಿ ಅಂತ ವಿವರಣೆ ಕೇಳಬಹುದು, ಜೊತೆಯವರ ಪ್ರಶ್ನೆಯನ್ನು ಮುಟ್ಟಿಸಬಹುದು, ನೆಟ್, ನೆಲ, ಚೆಂಡು ಪರೀಕ್ಷಿಸಿ ಅನ್ನಬಹುದು, ಎದುರು ತಂಡ ಸರಿಯಾದ ಸ್ಥಾನದಲ್ಲಿ ನಿಂತಿದೆಯೇ ನೋಡಿ ಅನ್ನಬಹುದು. ವಿವರಣೆ ಒಪ್ಪಿಗೆಯಾಗದಿದ್ದರೆ ಜಗಳ ಬೇಡ. ‘ಪಂದ್ಯ ಮುಗಿದ ಮೇಲೆ ಸ್ಕೋರ್‌ಶೀಟ್‌ನಲ್ಲಿ ಆಕ್ಷೇಪ ಬರೆಸುತ್ತೇನೆ’ ಅಂತ ಮೊದಲ ರೆಫ್ರಿಗೆ ಆ ಕ್ಷಣದಲ್ಲೇ ಹೇಳಬೇಕು. ಎರಡು ಪಾಯಿಂಟ್ ಆದಮೇಲೆ ನೆನಪಾದರೆ ಹಕ್ಕು ಹೋಯಿತು. ಕ್ಯಾಪ್ಟನ್ ಬದಲಿಯಾಗಿ ಹೊರಗೆ ಹೋದರೆ ಒಳಗಿರುವ ಇನ್ನೊಬ್ಬರನ್ನು ಕೋಚ್ ಅಥವಾ ಆ ಕ್ಯಾಪ್ಟನ್ ನೇಮಿಸಬೇಕು. ನಮ್ಮ ಕಡೆ ಇದನ್ನು ಯಾರೂ ಮಾಡುವುದಿಲ್ಲ. ಹಾಗಾಗಿ ಕ್ಯಾಪ್ಟನ್ ಬೆಂಚಿನಿಂದ ಕೂಗುತ್ತಾನೆ, ರೆಫ್ರಿಗೆ ಸಿಟ್ಟು ಬರುತ್ತದೆ.

ಇನ್ನೊಂದು ಸಣ್ಣ ಸಂಗತಿ. ಕ್ಯಾಪ್ಟನ್ ಜೆರ್ಸಿಯಲ್ಲಿ ಎದೆಯ ನಂಬರ್ ಕೆಳಗೆ 8 ಸೆಂಟಿಮೀಟರ್ ಉದ್ದ, 1.5 ಸೆಂಟಿಮೀಟರ್ ಅಗಲದ ಪಟ್ಟಿ ಇರಬೇಕು. ಹಳ್ಳಿ ತಂಡದ ಜೆರ್ಸಿಯಲ್ಲಿ ಪ್ರಾಯೋಜಕರ ಹೆಸರಿರುತ್ತದೆ, ಪಟ್ಟಿ ಇರುವುದಿಲ್ಲ. ಇನ್ಸುಲೇಷನ್ ಟೇಪ್ ಕತ್ತರಿಸಿ ಅಂಟಿಸಿದರೆ ಸಾಕು. ಮಾತಾಡಲು ಬಂದವನು ಕ್ಯಾಪ್ಟನ್ನೋ ಅಲ್ಲವೋ ಅನ್ನುವುದು ಸ್ಟೂಲಿನ ಮೇಲೆ ನಿಂತ ರೆಫ್ರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಕಬಡ್ಡಿಯ ಕಷ್ಟ ಬೇರೆ. ಅಲ್ಲಿ ಬಿಡುವೇ ಇಲ್ಲ. ಒಂದು ರೈಡ್ (ಎದುರಾಳಿ ಅಂಕಣಕ್ಕೆ ಒಬ್ಬ ಆಟಗಾರ ನುಗ್ಗಿ ಬರುವುದು) ಮುಗಿದ 5 ಸೆಕೆಂಡಿನೊಳಗೆ ಎದುರು ತಂಡ ರೈಡರನ್ನು ಕಳಿಸಬೇಕು, ರೈಡಿಗೆ 30 ಸೆಕೆಂಡ್. ಅಂಪೈರ್ ಜೊತೆ ನೀವು ವಾದಕ್ಕಿಳಿದರೆ ಎದುರಿನವನು ನಿಮ್ಮ ಅಂಕಣದಲ್ಲಿ ಬೋನಸ್ ಗೆರೆ (ದಾಟಿದರೆ ರೈಡರ್‌ಗೆ ಹೆಚ್ಚುವರಿ ಅಂಕ ಸಿಗುವ ಹಿಂಭಾಗದ ಗೆರೆ) ದಾಟಿರುತ್ತಾನೆ. ಆದ್ದರಿಂದ ಕೇಳುವುದಿದ್ದರೆ ಆ 5 ಸೆಕೆಂಡಿನಲ್ಲೇ ಕ್ಯಾಪ್ಟನ್ ಒಬ್ಬನೇ ಕೈ ಎತ್ತಬೇಕು. ರೆಫ್ರಿ ಕಂಡರೆ ಗಡಿಯಾರ ನಿಲ್ಲಿಸಬೇಕು. ಕೇಳುವ ತಂಡದ ಸಮಯವೂ ಹೋಗಬಾರದು, ಮುಂದಿರುವ ತಂಡಕ್ಕೆ ಕಾಲಹರಣಕ್ಕೂ ಅವಕಾಶ ಆಗಬಾರದು. ಮುಂದಿನ ರೈಡರ್ ಮಧ್ಯಗೆರೆ ದಾಟಿದ ಮೇಲೆ ಹಿಂದಿನ ರೈಡಿನ ಮಾತು ಮುಗಿಯಿತು. ಕೇಳಲು ಹೆಚ್ಚು ಸಮಯ ಬೇಕಾದರೆ ಟೈಮ್ ಔಟ್ ಇದೆ, ಪ್ರತಿ ಅರ್ಧದಲ್ಲಿ 30 ಸೆಕೆಂಡಿನ ಎರಡು. ಅದನ್ನು ನೀರು ಕುಡಿಯಲು ಮಾತ್ರ ಬಳಸುವುದು ನಮ್ಮ ಅಭ್ಯಾಸ.

ಏನು ಕೇಳಬೇಕು ಅನ್ನುವುದೇ ಮುಖ್ಯ. ಲೆಕ್ಕದ ಪ್ರಶ್ನೆ ಕೇಳಿದರೆ ರೆಫ್ರಿ ಉತ್ತರಿಸಲೇಬೇಕು. ‘ಸಾರ್, ಟಚ್ ಒಂದೇ ಕೊಟ್ರಾ, ಬೋನಸ್ಸೂ ಕೊಟ್ರಾ?’ ‘ಸಾರ್, ನಮ್ಮವರು ಇಬ್ರು ಒಳಗೆ ಬರ್ಬೇಕಿತ್ತಲ್ವಾ?’ ಔಟಾದವರು ಔಟಾದ ಕ್ರಮದಲ್ಲೇ ಒಳಗೆ ಬರಬೇಕು. ಮಧ್ಯರಾತ್ರಿ ದಾಟಿದ ಮೇಲೆ ಈ ಲೆಕ್ಕ ತಪ್ಪುವಷ್ಟು ಬೇರಾವುದೂ ತಪ್ಪುವುದಿಲ್ಲ. ಸ್ಕೋರರ್ ಬರೆದಿದ್ದನ್ನು ನೋಡಿದರೆ ಅಲ್ಲೇ ಬಗೆಹರಿಯುತ್ತದೆ.

ನಿಯಮದ ಪ್ರಶ್ನೆಗೂ ಉತ್ತರ ಸಿಗಬೇಕು. ಅಂಕಣದಲ್ಲಿ ಐದೇ ಡಿಫೆಂಡರ್‌ಗಳಿದ್ದಾಗ ಬೋನಸ್ ಕೊಟ್ಟರೆ ಅದು ಕಣ್ಣಿನ ತಪ್ಪಲ್ಲ, ನಿಯಮದ ತಪ್ಪು, ಏಕೆಂದರೆ ಬೋನಸ್ಸಿಗೆ ಕನಿಷ್ಠ ಆರು ಜನ ಇರಬೇಕು. ಇದನ್ನು ತಿದ್ದಿಕೊಂಡರೆ ರೆಫ್ರಿಯ ಮರ್ಯಾದೆ ಹೋಗುವುದಿಲ್ಲ.

ಇನ್ನು ಕಣ್ಣಿಗೆ ಕಂಡಿದ್ದರ ಪ್ರಶ್ನೆ. ಬೆರಳು ತಾಗಿತೋ ಇಲ್ಲವೋ, ಬೋನಸ್ ತೆಗೆಯುವಾಗ ಹಿಂದಿನ ಕಾಲು ಗಾಳಿಯಲ್ಲಿತ್ತೋ ನೆಲದಲ್ಲಿತ್ತೋ ಅನ್ನುವುದನ್ನು ವಾದದಿಂದ ತೀರ್ಮಾನಿಸಲು ಆಗದು. ಇಲ್ಲಿ ಕ್ಯಾಪ್ಟನ್ ಒಂದೇ ಕೋರಿಕೆ ಇಡಬಹುದು: ‘ಸಾರ್, ಆ ಕಡೆ ಅಂಪೈರನ್ನ ಒಂದ್ಸಲ ಕೇಳ್ತೀರಾ?’ ಅಂಕಣದ ಎರಡು ಬದಿಗೆ ನಿಲ್ಲುವ ಇಬ್ಬರು ಅಂಪೈರ್‌ಗಳ ತೀರ್ಪೇ ಸಾಮಾನ್ಯವಾಗಿ ಅಂತಿಮ. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ರೆಫ್ರಿ ತೀರ್ಮಾನಿಸುತ್ತಾರೆ. ಗೆರೆಯಾಚೆ ನಿಂತವರ ಮೊಬೈಲ್ ವಿಡಿಯೋ ನೋಡಲೇಬಾರದು. ಓರೆಯಿಂದ ತೆಗೆದ ವಿಡಿಯೋದಲ್ಲಿ ಗೆರೆಯಿಂದ ಇಂಚು ಈಚೆಗಿರುವ ಕಾಲೂ ಗೆರೆಯ ಮೇಲೆ ಕಾಣುತ್ತದೆ. ಅದೂ ಅಲ್ಲದೆ ವಿಡಿಯೋ ಯಾವಾಗಲೂ ಒಂದೇ ತಂಡದ ಕಡೆಯವರ ಹತ್ತಿರ ಇರುತ್ತದೆ.

ನಿಯಮದ ಗೊಂದಲ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಹಾಂಗ್‌ಝೌ ಏಷ್ಯನ್ ಗೇಮ್ಸ್ ಇದೆ. 2023ರ ಅಕ್ಟೋಬರ್ 7, ಭಾರತ–ಇರಾನ್ ಪುರುಷರ ಕಬಡ್ಡಿ ಫೈನಲ್, 28–28. ಭಾರತದ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ (ಯಾರನ್ನಾದರೂ ಮುಟ್ಟಿದ ಮೇಲಷ್ಟೇ ಕಾಲಿಡಬಹುದಾದ ಅಂಕಣದ ಅಂಚಿನ ಪಟ್ಟಿಗೆ) ಕಾಲಿಟ್ಟರು, ಇರಾನಿನ ಡಿಫೆಂಡರ್‌ಗಳು ಹಿಂದೆಯೇ ನುಗ್ಗಿದರು. ಯಾರು ಎಲ್ಲಿ ಕಾಲಿಟ್ಟರು ಅನ್ನುವುದು ಎಲ್ಲರಿಗೂ ಕಂಡಿತ್ತು. ರೈಡರ್ ಮಾತ್ರ ಔಟೋ, ಹಿಂದೆ ಬಂದವರೂ ಔಟೋ, ಹಳೆ ನಿಯಮವೋ ಹೊಸದೋ ಅನ್ನುವುದೇ ಜಗಳ. ತೀರ್ಪು ಆ ಕಡೆ ಈ ಕಡೆ ತೂಗಾಡಿತು, ಆಟಗಾರರು ಅಂಕಣದಲ್ಲೇ ಕೂತರು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ಅಂಥ ಕಡೆಯೇ ಹೀಗಾದರೆ ನಮ್ಮ ಗದ್ದೆಬಯಲಿನ ಅಂಕಣದ ಮಾತೇನು! ಪಂದ್ಯಾವಳಿಗೆ ಮೊದಲು ತಂಡದ ಮ್ಯಾನೇಜರ್‌ಗಳ ಸಭೆಯಲ್ಲಿ ಲಾಬಿ, ಬೋನಸ್, ಸೂಪರ್ ಟ್ಯಾಕಲ್ (ಮೂವರು ಅಥವಾ ಕಡಿಮೆ ಜನ ಸೇರಿ ರೈಡರನ್ನು ಹಿಡಿಯುವುದು), ಡೂ ಆರ್ ಡೈ (ಅಂಕ ತರದಿದ್ದರೆ ರೈಡರ್ ಔಟಾಗುವ ರೈಡ್), ಈ ನಾಲ್ಕು ಯಾವ ನಿಯಮದಂತೆ ನಡೆಯುತ್ತವೆ ಅಂತ ಓದಿ ಹೇಳಿ ಸಹಿ ಹಾಕಿಸಿಕೊಳ್ಳುವುದು ಹತ್ತು ನಿಮಿಷದ ಕೆಲಸ.

ಮಣ್ಣಿನ ಅಂಕಣದಲ್ಲಿ ಅರ್ಧ ಜಗಳಕ್ಕೆ ಕಾರಣ ಗೆರೆ. ಸುಣ್ಣದ ಪುಡಿಯ ಲಾಬಿ ಗೆರೆ ಮೊದಲ ಅರ್ಧ ಮುಗಿಯುವಷ್ಟರಲ್ಲಿ ಅಳಿಸಿಹೋಗಿ, ಕೆಂಪು ಮಣ್ಣಿನ ಮೇಲೆ ಬಿಳಿ ಮಸುಕಷ್ಟೇ ಉಳಿದಿರುತ್ತದೆ. ಔಟ್ ಕೊಟ್ಟ ಮೇಲೆ ಗೆರೆ ಎಲ್ಲಿದೆ ಅಂತ ಕೇಳಿ ಫಲವಿಲ್ಲ. ಐದು ನಿಮಿಷದ ವಿರಾಮದಲ್ಲೇ ಕ್ಯಾಪ್ಟನ್ ಹೋಗಿ ಗೆರೆ ಹಾಕಿಸಿ ಅನ್ನಬೇಕು.

ರೆಫ್ರಿಗಳಿಗೂ ಒಂದು ಮಾತು. ನಮ್ಮಲ್ಲಿ ವಿಸಿಲ್ ಹಿಡಿಯುವವರು ಹೆಚ್ಚಾಗಿ ಪಿ.ಟಿ. ಮೇಷ್ಟ್ರು, ಆಡುವವರು ಅವರದೇ ಹಳೇ ಹುಡುಗರು. ‘ಯಾಕೆ ಸಾರ್’ ಅಂದರೂ ಎದುರುತ್ತರದಂತೆ ಕೇಳುತ್ತದೆ. ಕೇಳಿದವನು ಕ್ಯಾಪ್ಟನ್ ಆಗಿದ್ದರೆ ಒಂದು ವಾಕ್ಯದ ಉತ್ತರ ಕೊಡಿ: ‘ಹಿಂದಿನ ಕಾಲು ನೆಲದಲ್ಲಿತ್ತು, ಬೋನಸ್ ಇಲ್ಲ.’ ಎರಡನೇ ಸಲ ವಿವರಿಸಬೇಡಿ, ಅಲ್ಲಿಂದ ಅದು ಚೌಕಾಸಿ ಆಗುತ್ತದೆ. ಕ್ಯಾಪ್ಟನ್ ಅಲ್ಲದವನು ಬಂದರೆ ಕಾರ್ಡ್ ತೋರಿಸಿ. ಹಸಿರು ಎಚ್ಚರಿಕೆ, ಹಳದಿಗೆ ಎರಡು ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಳ್ಳದೆ ಬಂದು ‘ಏಯ್, ಹೋಗೋ ಆಚೆ’ ಅನ್ನುವುದಕ್ಕಿಂತ ಅದು ಎಷ್ಟೋ ಮರ್ಯಾದೆಯದ್ದು. ಫುಟ್‌ಬಾಲ್‌ನವರು 2024ರ ಯುರೋದಲ್ಲಿ ಕ್ಯಾಪ್ಟನ್ ಮಾತ್ರ ರೆಫ್ರಿ ಹತ್ತಿರ ಹೋಗಬೇಕು, ಉಳಿದವರು ಬಂದರೆ ಹಳದಿ ಅಂತ ಮಾಡಿದರು. ಗೋಲಿ ಕ್ಯಾಪ್ಟನ್ ಆಗಿದ್ದರೆ ಅವನ ಬದಲು ಮಾತಾಡುವ ಆಟಗಾರನನ್ನು ಮೊದಲೇ ಹೆಸರಿಸುವ ವ್ಯವಸ್ಥೆಯೂ ಇತ್ತು.

ಉಳಿದಿದ್ದು ಮೈಕ್. ವೀಕ್ಷಕ ವಿವರಣೆಯವರು ಅಂಪೈರ್ ಕೈ ಎತ್ತುವ ಮೊದಲೇ ‘ಔಟ್!’ ಅಂದುಬಿಡುತ್ತಾರೆ, ಜನ ಚಪ್ಪಾಳೆ ತಟ್ಟಿದ ಮೇಲೆ ಅಂಪೈರ್ ಇಲ್ಲ ಅಂದರೆ ಅವರೇ ಕಳ್ಳರಾಗುತ್ತಾರೆ. ಅವರನ್ನು ಸ್ಕೋರರ್ ಪಕ್ಕ ಕೂರಿಸಿ, ಪೆನ್ನು ಓಡಿದ ಮೇಲೆ ಮಾತಾಡಲಿ. ಸ್ಪೀಕರ್ ಬಾಕ್ಸ್ ಅಂಕಣದ ಕಡೆ ತಿರುಗಿದ್ದರೆ ರೈಡರ್ ‘ಕಬಡ್ಡಿ ಕಬಡ್ಡಿ’ ಅನ್ನುವುದು ಅಂಪೈರ್‌ಗೆ ಕೇಳಿಸುವುದೇ ಇಲ್ಲ, ಉಸಿರು ಬಿಟ್ಟನೋ ಇಲ್ಲವೋ ಅನ್ನುವ ಹೊಸ ಜಗಳ ಅಲ್ಲಿಂದ ಶುರು. ಬಾಕ್ಸನ್ನು ಜನರ ಕಡೆಗೆ ತಿರುಗಿಸಿ ಕಟ್ಟಿ, ರೈಡ್ ನಡೆಯುವಾಗ ಪ್ರಾಯೋಜಕರ ಹೆಸರು ಓದುವುದು ಬೇಡ.